ಮೂಕಿ ಚಿತ್ರದ ನಟರನ್ನು ನೋಡಲು ಕಲಿಯುವ ಬಗೆ

ಮೂಕಿ ಚಿತ್ರವನ್ನು ನೋಡಬೇಕೆಂದು ಆಸೆಯಿಂದ ಕುಳಿತವರು ಹತ್ತು ನಿಮಿಷಕ್ಕೇ ಎದ್ದುಹೋದರೆ, ಬಹಳಷ್ಟು ಸಲ ತಪ್ಪು ಚಿತ್ರದ್ದೂ ಅಲ್ಲ, ನೋಡಿದವರದ್ದೂ ಅಲ್ಲ. ಅವರ ಕೈಗೆ ಸಿಕ್ಕ ಪ್ರತಿಯದ್ದು. ಮಸುಕಾದ, ಅಂಚು ಕತ್ತರಿಸಿಹೋದ, ಮನುಷ್ಯರೆಲ್ಲ ಇರುವೆಗಳಂತೆ ಗಡಿಬಿಡಿಯಿಂದ ಓಡಾಡುವ, ಹಿನ್ನೆಲೆಯಲ್ಲಿ ಚಿತ್ರಕ್ಕೆ ಸಂಬಂಧವೇ ಇಲ್ಲದ ಪಿಯಾನೊ ಒಂದೇ ಸಮನೆ ಬಾರಿಸುತ್ತಿರುವ ಪ್ರತಿಯನ್ನು ನೋಡಿ, ಆ ಕಾಲದ ನಟನೆಯೆಲ್ಲ ಅತಿರೇಕದ್ದು ಎಂದು ತೀರ್ಮಾನಿಸಿದರೆ ಆ ನಟರಿಗೆ ಅನ್ಯಾಯವಾಗುತ್ತದೆ. ಚಾರ್ಲಿ ಚಾಪ್ಲಿನ್, ಬಸ್ಟರ್ ಕೀಟನ್, ಲಿಲಿಯನ್ ಗಿಶ್ ಮೊದಲಾದವರನ್ನು ಸರಿಯಾಗಿ ನೋಡುವುದಕ್ಕೆ ಸ್ವಲ್ಪ ಸಿದ್ಧತೆಯೂ ಕಣ್ಣಿಗೆ ಒಂದಿಷ್ಟು ರೂಢಿಯೂ ಬೇಕು. ಎರಡೂ ಕಷ್ಟದವಲ್ಲ, ನಾಲ್ಕಾರು ಸಂಜೆಗಳಲ್ಲಿ ಕೈಗೂಡುವಂಥವು.

ಬಯಲಾಟವನ್ನೋ ಭರತನಾಟ್ಯವನ್ನೋ ನೋಡಿ ಬೆಳೆದವರಿಗೆ ಈ ದಾರಿ ಇನ್ನೂ ಸುಲಭ. ಅಭಿನಯದಲ್ಲಿ ಆಂಗಿಕ (ಮೈಯ ಚಲನೆ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ತ್ವಿಕ (ಒಳಗಿನ ಭಾವ ಮೈಮೇಲೆ ತಾನಾಗಿ ಮೂಡುವುದು) ಎಂಬ ನಾಲ್ಕು ಬಗೆಗಳಿವೆ ಎಂದು ನಾಟ್ಯಶಾಸ್ತ್ರ ಹೇಳುತ್ತದೆ. ಮೂಕಿ ಚಿತ್ರದ ನಟರ ಬಳಿ ವಾಚಿಕವಿರಲಿಲ್ಲ. ಉಳಿದ ಮೂರನ್ನೇ ನೆಚ್ಚಿಕೊಂಡು ಅವರು ದುಡಿದರು. ಹಾಗಾಗಿ ‘ಇವರು ಏನು ಹೇಳುತ್ತಿದ್ದಾರೆ’ ಎಂದು ತುಟಿಗಳನ್ನೇ ದಿಟ್ಟಿಸುತ್ತ ಕೂರುವುದನ್ನು ಬಿಟ್ಟು, ಈ ದೇಹ ಏನು ಮಾಡುತ್ತಿದೆ ಎಂದು ನೋಡತೊಡಗಿದ ಕ್ಷಣದಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ.

ಪ್ರತಿಯ ಆಯ್ಕೆ

1920ರ ದಶಕದ ಅಮೆರಿಕದ ಚಿತ್ರಗಳ ಹಕ್ಕುಸ್ವಾಮ್ಯ ಆ ದೇಶದಲ್ಲಿ ಮುಗಿದಿದೆ. ಆದ್ದರಿಂದ ಒಂದೇ ಚಿತ್ರದ ಹತ್ತಾರು ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಅವುಗಳಲ್ಲಿ ಹೆಚ್ಚಿನವು ಕಳಪೆ. ಚಿತ್ರದ ಹೆಸರಿನ ಜೊತೆಗೆ ‘ರಿಸ್ಟೋರ್ಡ್’ (ದುರಸ್ತಿ ಮಾಡಿದ್ದು) ಎಂಬ ಪದವನ್ನೂ ಸೇರಿಸಿ ಹುಡುಕಿ. ಸಿಕ್ಕಿದ ಎರಡು ಮೂರು ಪ್ರತಿಗಳ ಅದೇ ಒಂದು ನಿಮಿಷವನ್ನು ಹೋಲಿಸಿ ನೋಡಿ. ನಟರ ಕಣ್ಣಿನ ಪಾಪೆ ಸ್ಪಷ್ಟವಾಗಿ ಕಾಣುತ್ತದೆಯೇ ಎಂಬುದು ನನ್ನ ಮೊದಲ ಪರೀಕ್ಷೆ. ಮುಖ ಬರೀ ಬಿಳಿಯ ಮುದ್ದೆಯಾಗಿ ಕಂಡರೆ ಆ ಪ್ರತಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ಎರಡನೆಯದು ವೇಗ. ಆಗಿನ ಕ್ಯಾಮೆರಾಗಳನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ ಇಷ್ಟೇ ಚೌಕಟ್ಟುಗಳು (ಫ್ರೇಮುಗಳು) ಎಂಬ ಕಟ್ಟುನಿಟ್ಟು ಇರಲಿಲ್ಲ. 16ರಿಂದ 24ರವರೆಗೆ ಎಷ್ಟಾದರೂ ಇರಬಹುದಿತ್ತು. ಮಾತು ಬಂದ ಮೇಲೆ ಅದು 24ಕ್ಕೆ ನಿಂತಿತು. ಸೆಕೆಂಡಿಗೆ 16 ಚೌಕಟ್ಟುಗಳಂತೆ ಹಿಡಿದದ್ದನ್ನು 24ರ ವೇಗದಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಬೇಗ ನಡೆದುಹೋಗುತ್ತದೆ. ಅರವತ್ತು ನಿಮಿಷದ ಚಿತ್ರ ನಲವತ್ತಕ್ಕೇ ಮುಗಿಯುತ್ತದೆ. ದುಃಖದಿಂದ ನಿಧಾನವಾಗಿ ತಲೆ ಎತ್ತುವ ಹೆಂಗಸು ಬೊಂಬೆಯಂತೆ ಕತ್ತು ಝಾಡಿಸಿದಂತೆ ಕಾಣುವುದು ಹೀಗೆ. ಪ್ರತಿ ಚೆನ್ನಾಗಿದ್ದು ವೇಗ ಮಾತ್ರ ಹೆಚ್ಚೆನಿಸಿದರೆ, ನೀವು ನೋಡುವ ತಂತ್ರಾಂಶದಲ್ಲೇ ವೇಗವನ್ನು 0.75ಕ್ಕೆ ಇಳಿಸಿ ನೋಡಬಹುದು. ಆದರೆ ಹಾಸ್ಯಚಿತ್ರಗಳಲ್ಲಿ ಓಟದ ದೃಶ್ಯಗಳು ಚುರುಕಾಗಿ ಕಾಣಲೆಂದು ಬೇಕೆಂದೇ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುತ್ತಿದ್ದರು ಎಂಬುದು ನೆನಪಿರಲಿ. ಅಲ್ಲಿನ ವೇಗ ದೋಷವಲ್ಲ, ಕಲೆ. ಜನ ಸುಮ್ಮನೆ ನಡೆದುಹೋಗುವ ಒಂದು ದೃಶ್ಯವನ್ನು ನೋಡಿ ಅಳೆಯಿರಿ. ನಡಿಗೆ ಸಹಜವಾಗಿದ್ದರೆ ಉಳಿದದ್ದು ನಿರ್ದೇಶಕರ ಇಚ್ಛೆ.

ಟಿವಿಯಲ್ಲಿ ನೋಡುವವರು ಇನ್ನೆರಡು ಕೆಲಸ ಮಾಡಬೇಕು. ಆ ಕಾಲದ ಚಿತ್ರದ ಅಗಲ ಮತ್ತು ಎತ್ತರ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರಂತೆ ಇರುತ್ತಿತ್ತು; ಇಂದಿನ ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಬರುವುದು ಸರಿಯೇ. ಅದನ್ನು ತುಂಬಿಸಲೆಂದು ಚಿತ್ರವನ್ನು ಅಗಲಕ್ಕೆ ಎಳೆದರೆ ನಟರ ಮೈಕಟ್ಟೇ ಬದಲಾಗಿ, ನೋಡಬೇಕಾದದ್ದೇ ಕೆಟ್ಟುಹೋಗುತ್ತದೆ. ಹಾಗೆಯೇ ಚಲನೆಯನ್ನು ನುಣುಪಾಗಿಸುವ ಸೌಲಭ್ಯವೊಂದು ಹೊಸ ಟಿವಿಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ.

ಒಂದೇ ಚಿತ್ರಕ್ಕೆ ಎರಡು ರೂಪಗಳಿರುವುದೂ ಉಂಟು. ಚಾಪ್ಲಿನ್ ಅವರು 1925ರ ‘ದಿ ಗೋಲ್ಡ್ ರಷ್’ ಚಿತ್ರವನ್ನು 1942ರಲ್ಲಿ ಮೊಟಕುಗೊಳಿಸಿ, ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು ತೆಗೆದು, ತಮ್ಮದೇ ದನಿಯ ನಿರೂಪಣೆ ಸೇರಿಸಿ ಮತ್ತೆ ಬಿಡುಗಡೆ ಮಾಡಿದರು. ಮೊದಲ ಸಲ ನೋಡುವವರು 1925ರ ರೂಪವನ್ನೇ ಹುಡುಕಿಕೊಳ್ಳಿ. ಕತೆ ಹೇಳುವ ದನಿಯೊಂದು ಇದ್ದಾಗ ನಮ್ಮ ಕಣ್ಣು ಸೋಮಾರಿಯಾಗುತ್ತದೆ.

ಸದ್ದು

ಮೂಕಿ ಚಿತ್ರಗಳನ್ನು ಪೂರ್ತಿ ಮೌನದಲ್ಲಿ ನೋಡಿದ್ದು ಅಪರೂಪ. ದೊಡ್ಡ ನಗರಗಳಲ್ಲಿ ವಾದ್ಯವೃಂದ, ಸಣ್ಣ ಊರುಗಳಲ್ಲಿ ಪಿಯಾನೊ, ನಮ್ಮಲ್ಲಿ ಹಾರ್ಮೋನಿಯಂ ಮತ್ತು ತಬಲಾ ಜೊತೆಗಿರುತ್ತಿದ್ದವು. ಆದ್ದರಿಂದ ಮೊದಲ ಸಲ ಸಂಗೀತದೊಡನೆಯೇ ನೋಡಿ, ಬಳಿಕ ನಿಮಗೆ ಹಿಡಿಸಿದ ಒಂದೇ ದೃಶ್ಯವನ್ನು ಸದ್ದನ್ನು ಪೂರ್ತಿ ತೆಗೆದು ಮತ್ತೊಮ್ಮೆ ನೋಡಿ. ಸಂಗೀತ ಹೇಳಿಕೊಟ್ಟ ಭಾವ ಎಷ್ಟು, ನಟರು ತಾವೇ ತಂದ ಭಾವ ಎಷ್ಟು ಎಂಬುದು ಆಗ ಬೇರೆ ಬೇರೆಯಾಗಿ ತಿಳಿಯುತ್ತದೆ.

ಎಲ್ಲಿಂದ ಆರಂಭ

ಎರಡೂವರೆ ಗಂಟೆಯ ಐತಿಹಾಸಿಕ ಚಿತ್ರದಿಂದ ಆರಂಭಿಸಬೇಡಿ. ಎರಡು ರೀಲಿನ, ಅಂದರೆ ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದ ಹಾಸ್ಯಚಿತ್ರಗಳೇ ಒಳ್ಳೆಯ ಬಾಗಿಲು. ಚಾಪ್ಲಿನ್ ಅವರ ‘ದಿ ಇಮಿಗ್ರೆಂಟ್’ 1917ರದು. ಅಮೆರಿಕಕ್ಕೆ ವಲಸೆ ಹೊರಟವರಿಂದ ತುಂಬಿದ ಹಡಗು ಓಲಾಡುತ್ತಿದೆ. ಕಟಕಟೆಯ ಮೇಲೆ ಹೊಟ್ಟೆಯೂರಿ ಹೊರಕ್ಕೆ ಬಾಗಿದವನೊಬ್ಬನ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಕಾಲು ಒದರುತ್ತಿದೆ, ಮೈ ನಡುಗುತ್ತಿದೆ. ಪಾಪ, ವಾಂತಿಯಾಗುತ್ತಿದೆ ಎಂದುಕೊಳ್ಳುತ್ತೇವೆ. ಅವನು ತಿರುಗುತ್ತಾನೆ, ಕೈಯಲ್ಲಿ ಗಾಳಕ್ಕೆ ಸಿಕ್ಕ ಮೀನು. 1921ರ ‘ದಿ ಐಡಲ್ ಕ್ಲಾಸ್’ ಚಿತ್ರದಲ್ಲಿ ಇದೇ ಉಪಾಯ ಇನ್ನೂ ಸೂಕ್ಷ್ಮವಾಗಿದೆ. ಹೆಂಡತಿ ತೊರೆದುಹೋದ ಪತ್ರ ಓದಿದ ಕುಡುಕ ಶ್ರೀಮಂತ ನಮಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಹೆಗಲು ಬಿಕ್ಕಿಬಿಕ್ಕಿ ಕುಲುಕುತ್ತವೆ. ತಿರುಗಿದಾಗ ಅವನು ಮದ್ಯ ಬೆರೆಸುವ ಪಾತ್ರೆಯನ್ನು ಅಲುಗಾಡಿಸುತ್ತಿರುತ್ತಾನೆ. ಈ ಎರಡು ದೃಶ್ಯಗಳನ್ನು ಒಂದರ ಹಿಂದೆ ಒಂದು ನೋಡಿ. ಮುಖವೇ ಕಾಣದ ಬೆನ್ನೊಂದು ನಿಮಗೆ ಪೂರ್ತಿ ಸುಳ್ಳೊಂದನ್ನು ನಂಬಿಸಿತು ಎಂಬುದನ್ನು ಗಮನಿಸಿದರೆ, ಮೂಕಿ ಚಿತ್ರದ ನಟನೆಯೆಂದರೆ ಮುಖ ಕಿವುಚುವುದು ಎಂಬ ಭ್ರಮೆ ಅಲ್ಲಿಗೇ ಕಳಚುತ್ತದೆ.

ಇಲ್ಲಿಂದ ಮುಂದೆ ನಾನು ಅನುಸರಿಸುವ ಕ್ರಮ ಒಂದೇ: ಒಬ್ಬ ನಟರಿಗೆ ಒಂದು ಅಂಗವನ್ನು ಆರಿಸಿಕೊಂಡು ಚಿತ್ರದುದ್ದಕ್ಕೂ ಅದನ್ನೇ ಹಿಂಬಾಲಿಸುವುದು. ಚಾಪ್ಲಿನ್ ಅವರಲ್ಲಿ ಪಾದಗಳನ್ನು ನೋಡಿ. ದೊಗಲೆ ಪ್ಯಾಂಟು, ಬಿಗಿಯಾದ ಕೋಟು, ಸಣ್ಣ ಟೋಪಿ, ದೊಡ್ಡ ಬೂಟುಗಳ ಆ ಅಲೆಮಾರಿ ತೆರೆಯ ಮೇಲೆ ಮೊದಲು ಕಂಡದ್ದು 1914ರ ಫೆಬ್ರವರಿಯಲ್ಲಿ. ಅವನ ಮೇಲ್ಭಾಗ ಯಾವಾಗಲೂ ಸಭ್ಯ ಗೃಹಸ್ಥನದು; ಸೊಂಟದ ಕೆಳಗಿನದು ಬೀದಿಯವನದು. ಟೋಪಿ ಎತ್ತಿ ನಮಸ್ಕರಿಸುವ ಹೊತ್ತಿಗೇ ಕಾಲು ಓಡಲು ಸಿದ್ಧವಾಗಿರುತ್ತದೆ. ಬಡತನ ಮತ್ತು ಮಾನ ಎರಡನ್ನೂ ಒಂದೇ ಮೈಯಲ್ಲಿ ಹೀಗೆ ಹಂಚಿ ತೋರಿಸಿದ್ದು ಆಹಾರ್ಯ ಮತ್ತು ಆಂಗಿಕ ಕೂಡಿದ ಕೆಲಸ.

ಬಸ್ಟರ್ ಕೀಟನ್ ಅವರಲ್ಲಿ ನೋಡಬೇಕಾದದ್ದು ಇದಕ್ಕೆ ತದ್ವಿರುದ್ಧ. 1895ರಲ್ಲಿ ಹುಟ್ಟಿದ ಅವರು ಚಿಕ್ಕ ಮಗುವಾಗಿದ್ದಾಗಲೇ ತಂದೆತಾಯಿಯೊಡನೆ ರಂಗದ ಮೇಲೆ ಬಿದ್ದೆದ್ದು ಜನರನ್ನು ನಗಿಸಿದವರು. ತಾನು ನಗದಿದ್ದಷ್ಟೂ ಜನ ಹೆಚ್ಚು ನಗುತ್ತಾರೆಂಬುದನ್ನು ಅಲ್ಲಿಯೇ ಕಲಿತರು. ಅವರ ಮುಖ ಕಲ್ಲು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅದು ಪೂರ್ತಿ ಸರಿಯೆನಿಸುವುದಿಲ್ಲ. ಅವರ ಕಣ್ಣುಗಳನ್ನೇ ನೋಡುತ್ತ ಕುಳಿತರೆ ಆ ಮುಖ ಎಷ್ಟು ಯೋಚಿಸುತ್ತಿರುತ್ತದೆ ಎಂದು ತಿಳಿಯುತ್ತದೆ. 1926ರ ‘ದಿ ಜನರಲ್’ ಚಿತ್ರದಲ್ಲಿ ಹುಡುಗಿ ತಿರಸ್ಕರಿಸಿದ್ದರಿಂದ ಮನಸ್ಸು ಮುದುಡಿದ ಎಂಜಿನ್ ಚಾಲಕ, ತನ್ನ ರೈಲಿನ ಗಾಲಿಗಳನ್ನು ಜೋಡಿಸುವ ಉದ್ದನೆಯ ಕಬ್ಬಿಣದ ತೋಳಿನ ಮೇಲೆ ಹೋಗಿ ಕೂರುತ್ತಾನೆ. ಎಂಜಿನ್ ಚಲಿಸುತ್ತದೆ, ತೋಳು ಅವನನ್ನು ಮೇಲಕ್ಕೆತ್ತಿ ಕೆಳಕ್ಕಿಳಿಸಿ ಮತ್ತೆ ಮೇಲಕ್ಕೆತ್ತುತ್ತದೆ, ಅವನಿಗೆ ಅದರ ಪರಿವೆಯೇ ಇಲ್ಲ. ಮೈಯನ್ನು ಯಂತ್ರಕ್ಕೆ ಒಪ್ಪಿಸಿ ಸುಮ್ಮನೆ ಕುಳಿತಿರುವುದರಲ್ಲೇ ದುಃಖವೆಲ್ಲ ಇದೆ.

ಕೀಟನ್ ಅವರ ಚಿತ್ರ ನೋಡುವಾಗ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಇಲ್ಲಿ ಚಿತ್ರಿಕೆ (ಶಾಟ್) ಎಲ್ಲಿ ಕತ್ತರಿಸಿದೆ? 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಮನೆಯೊಂದರ ಇಡೀ ಮುಂಗೋಡೆ ಅವರ ಮೇಲೆ ಬೀಳುತ್ತದೆ. ಮೇಲಂತಸ್ತಿನ ತೆರೆದ ಕಿಟಕಿಯ ಜಾಗ ಸರಿಯಾಗಿ ಅವರು ನಿಂತಲ್ಲಿಗೆ ಬಂದು ಅವರು ಉಳಿಯುತ್ತಾರೆ. ಗೋಡೆ ಬೀಳುವಾಗ ಚಿತ್ರಿಕೆ ಕತ್ತರಿಸುವುದೇ ಇಲ್ಲ. ಬಿದ್ದದ್ದು ನಿಜವಾದ ಭಾರದ ಗೋಡೆ, ನಿಂತದ್ದು ಕೀಟನ್ ಅವರೇ. 1924ರ ‘ಷರ್ಲಾಕ್ ಜೂನಿಯರ್’ ಚಿತ್ರದಲ್ಲಿ ರೈಲಿಗೆ ನೀರು ತುಂಬುವ ಕೊಳವೆಯಿಂದ ಧುಮುಕಿದ ನೀರು ಅವರನ್ನು ಹಳಿಯ ಮೇಲೆ ಕೆಡವಿತು; ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತೆಂಬುದು ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ ವೈದ್ಯರು ಹೇಳಿದಾಗ. 1923ರ ‘ಸೇಫ್ಟಿ ಲಾಸ್ಟ್’ ಚಿತ್ರದಲ್ಲಿ ಗಡಿಯಾರದ ಮುಳ್ಳಿಗೆ ಜೋತುಬೀಳುವ ಹೆರಾಲ್ಡ್ ಲಾಯ್ಡ್ ಅವರ ಬಲಗೈಯನ್ನೂ ಹೀಗೆಯೇ ಗಮನಿಸಿ. 1919ರಲ್ಲಿ ಫೋಟೋ ತೆಗೆಸಿಕೊಳ್ಳಲು ಕೈಯಲ್ಲಿ ಹಿಡಿದಿದ್ದ ಬಾಂಬು ಸ್ಫೋಟಿಸಿ ಅವರು ಆ ಕೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಕಳೆದುಕೊಂಡಿದ್ದರು. ಅಷ್ಟು ಎತ್ತರದಲ್ಲಿ ನಾವು ನೋಡುವುದು ಕೃತಕ ಬೆರಳುಗಳಿರುವ ಕೈಗವಸು.

ಬೆರಳುಗಳು, ಮುಖ

ಹಾಸ್ಯದಲ್ಲಿ ಕಣ್ಣು ಪಳಗಿದ ಮೇಲೆ ಲಿಲಿಯನ್ ಗಿಶ್ ಅವರತ್ತ ಬನ್ನಿ. ಇವರಲ್ಲಿ ಹಿಂಬಾಲಿಸಬೇಕಾದದ್ದು ಬೆರಳುಗಳನ್ನು. 1919ರ ‘ಬ್ರೋಕನ್ ಬ್ಲಾಸಮ್ಸ್’ ಚಿತ್ರದಲ್ಲಿ ದಿನವೂ ಹೊಡೆತ ತಿನ್ನುವ ಹುಡುಗಿಗೆ ಕ್ರೂರಿ ತಂದೆ ನಗು ಎಂದು ಗದರಿಸುತ್ತಾನೆ. ನಗಲು ಅವಳಿಗೆ ಬರುವುದಿಲ್ಲ. ಎರಡು ಬೆರಳುಗಳನ್ನು ತುಟಿಗಳ ಅಂಚಿಗೆ ಒತ್ತಿ ಮೇಲಕ್ಕೆ ತಳ್ಳುತ್ತಾಳೆ. ಬಾಯಿ ನಗುತ್ತದೆ, ಕಣ್ಣು ಅಳುತ್ತಿರುತ್ತದೆ. ಇಂಥ ಬದುಕಿನ ಬಗ್ಗೆ ಎಷ್ಟು ಸಂಭಾಷಣೆ ಬರೆದರೂ ಆ ಎರಡು ಬೆರಳುಗಳಷ್ಟು ಹೇಳಲಾರದು. ಮರುವರ್ಷದ ‘ವೇ ಡೌನ್ ಈಸ್ಟ್’ ಚಿತ್ರದಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಅವರು ಪ್ರಜ್ಞೆ ತಪ್ಪಿ ಮಲಗಿರುವಾಗ ಒಂದು ಕೈ ಮತ್ತು ಕೂದಲು ನೀರಿನಲ್ಲಿ ತೇಲುತ್ತವೆ. ಅದು ವರ್ಮಾಂಟ್ ರಾಜ್ಯದ ನಿಜವಾದ ಚಳಿಗಾಲದ ನದಿ; ಕೈಯನ್ನು ನೀರಿಗೆ ಇಳಿಬಿಡುವ ಯೋಚನೆ ಗಿಶ್ ಅವರದೇ. ಆ ಬೆರಳುಗಳ ನೋವು ಕೊನೆಯವರೆಗೂ ಅವರನ್ನು ಬಿಡಲಿಲ್ಲ. 1912ರಲ್ಲಿ ಚಿತ್ರರಂಗಕ್ಕೆ ಬಂದ ಅವರು ಕೊನೆಯ ಬಾರಿ ನಟಿಸಿದ ಚಿತ್ರ ತೆರೆ ಕಂಡದ್ದು 1987ರಲ್ಲಿ.

ಮುಖದ ವಿಚಾರಕ್ಕೆ ಬಂದರೆ, ಆ ಕಾಲದ ದಟ್ಟ ಬಣ್ಣವನ್ನು ಕಂಡು ಹಲವರು ಹಿಂಜರಿಯುತ್ತಾರೆ. ಅದಕ್ಕೆ ಕಾರಣ ಫಿಲ್ಮಿನ ರಸಾಯನ. ಆಗ ಹೆಚ್ಚಾಗಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿಯೂ ನೀಲಿ ಕಣ್ಣು ಬೆಳ್ಳಗೂ ಬೀಳುತ್ತಿದ್ದವು. ಚರ್ಮದ ಕೆಂಪು ಕಲೆಗಳು ಮಸಿಯಂತೆ ಕಾಣುತ್ತಿದ್ದವು. ಅದನ್ನು ಮುಚ್ಚಲು ಬಿಳಿ ಲೇಪ ಬೇಕೇ ಬೇಕಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮು ಬಂದ ಮೇಲೆ ಏನಾಯಿತೆಂದು ನೋಡಬೇಕಾದರೆ 1928ರ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ ನೋಡಿ. ಅದರಲ್ಲಿ ಜೋನ್ ಆಗಿ ನಟಿಸಿದ ಫಾಲ್ಕೊನೆಟ್ಟಿ ಅವರ ಮುಖಕ್ಕೆ ಯಾವ ಬಣ್ಣವೂ ಇಲ್ಲ. ಕಣ್ಣಿನಿಂದ ಹೊರಟ ಹನಿ ಕೆನ್ನೆಯ ರಂಧ್ರಗಳ ಮೇಲೆ ಇಳಿಯುವುದು ಸಹ ಕಾಣುತ್ತದೆ. ಸಾತ್ತ್ವಿಕಾಭಿನಯವೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋರುವುದಿಲ್ಲ. ಬೆಂಕಿಗೆ ಆಹುತಿಯಾಯಿತೆಂದು ತಿಳಿದಿದ್ದ ಈ ಚಿತ್ರದ ಮೂಲರೂಪದ ಪ್ರತಿಯೊಂದು 1981ರಲ್ಲಿ ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸಿಕ್ಕಿತು.

ಲಾನ್ ಚೇನಿ ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಅವರ ತಂದೆತಾಯಿ ಇಬ್ಬರೂ ಕಿವುಡರು. ಮಾತಿಲ್ಲದೆ ಮನಸ್ಸನ್ನು ತಿಳಿಸುವುದು ಅವರಿಗೆ ಮನೆಯ ಭಾಷೆಯೇ ಆಗಿತ್ತು. 1925ರ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ದಲ್ಲಿ ಮುಖವಾಡ ಹೊತ್ತಷ್ಟು ಹೊತ್ತು ಅವರ ಕೈಗಳನ್ನು ನೋಡಿ. 1926ರಲ್ಲಿ 31ನೆಯ ವಯಸ್ಸಿಗೇ ತೀರಿಕೊಂಡ ರುಡಾಲ್ಫ್ ವ್ಯಾಲೆಂಟಿನೊ ಅವರ ಖ್ಯಾತಿ ದೊಡ್ಡದು. ಆದರೆ ಅವರಿಂದ ಆರಂಭಿಸುವುದು ಬೇಡ, ಆ ಮೋಹ ಆ ಕಾಲದ ಅಭಿರುಚಿಗೆ ಹೆಚ್ಚು ಅಂಟಿಕೊಂಡದ್ದು.

ನೋಡುವವರು ಒಂದು ಎಚ್ಚರವನ್ನೂ ಇಟ್ಟುಕೊಳ್ಳಬೇಕು. ಮೇಲೆ ಹೊಗಳಿದ ‘ಬ್ರೋಕನ್ ಬ್ಲಾಸಮ್ಸ್’ ಚಿತ್ರದಲ್ಲಿ ಚೀನೀ ನಾಯಕನ ಪಾತ್ರವನ್ನು ಬಿಳಿಯ ನಟನೊಬ್ಬನಿಗೆ ವೇಷ ಹಾಕಿಸಿ ಮಾಡಿಸಿದ್ದಾರೆ. ಅದರ ನಿರ್ದೇಶಕ ಗ್ರಿಫಿತ್ ಅವರದೇ 1915ರ ‘ದಿ ಬರ್ತ್ ಆಫ್ ಎ ನೇಷನ್’ ಕಪ್ಪು ಜನರನ್ನು ಹೀನಾಯವಾಗಿ ಚಿತ್ರಿಸಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗವಾದಿ ಗುಂಪಿನ ಹಿಂಸಕರನ್ನು ವೀರರನ್ನಾಗಿಸಿದ ಚಿತ್ರ. ಅದರಲ್ಲಿಯೂ ಗಿಶ್ ನಟಿಸಿದ್ದಾರೆ. ನಟನೆಯನ್ನು ಮೆಚ್ಚುವಾಗ ಇದನ್ನು ಮರೆಯಲಾಗದು. ಇಂಥ ಕಾಲದಲ್ಲಿಯೇ ಜಪಾನಿನ ಸೆಸ್ಸು ಹಯಕಾವ ಅವರು 1915ರ ‘ದಿ ಚೀಟ್’ ಚಿತ್ರದಿಂದ ಹಾಲಿವುಡ್ಡಿನ ದೊಡ್ಡ ತಾರೆಯಾದರು. ಚೀನೀ ಮೂಲದ ಆನಾ ಮೇ ವಾಂಗ್ ಅವರು 1922ರ ‘ದಿ ಟೋಲ್ ಆಫ್ ದಿ ಸೀ’ಯಲ್ಲಿ ಹದಿಹರೆಯದಲ್ಲೇ ನಾಯಕಿಯಾದರು. ಸುತ್ತಲಿನವರೆಲ್ಲ ಕೈಕಾಲು ಬೀಸುವಾಗ ಹಯಕಾವ ಅವರು ಎಷ್ಟು ಕಡಿಮೆ ಅಲುಗಾಡುತ್ತಾರೆಂದು ನೋಡಿ.

ನಮ್ಮ ಕಡೆಯವರು

ಭಾರತದಲ್ಲಿ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದರೂ ಉಳಿದವು ತೀರ ಕಡಿಮೆ. ಅಮೆರಿಕದ್ದೂ ಹೆಚ್ಚು ಉತ್ತಮವಾದ ಕತೆಯಲ್ಲ. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲೇ ಪೂರ್ಣವಾಗಿ ಉಳಿದವು ಶೇಕಡಾ 14 ಮಾತ್ರ. ನಮ್ಮಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ರೂಬಿ ಮೈಯರ್ಸ್ ‘ಸುಲೋಚನಾ’ ಎಂಬ ಹೆಸರಿನಲ್ಲಿ ಆ ಕಾಲದ ಅತಿ ಜನಪ್ರಿಯ ನಟಿಯಾಗಿ, 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ ಚಿತ್ರದಲ್ಲಿ ಎಂಟು ವೇಷಗಳಲ್ಲಿ ಕಾಣಿಸಿಕೊಂಡರು. ಮಾತು ಬಂದಾಗ ಹಿಂದುಸ್ತಾನಿ ಕಲಿತು ತಮ್ಮ ಮೂಕಿ ಚಿತ್ರಗಳನ್ನೇ ವಾಕ್ಚಿತ್ರಗಳಾಗಿ ಮತ್ತೆ ಮಾಡಿದರು. ಅವರ ಮೂಕಿ ಕಾಲದ ನಟನೆಯನ್ನು ಇಂದು ಫೋಟೋಗಳಿಂದಲೇ ಊಹಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಗುಬ್ಬಿ ವೀರಣ್ಣ ಅವರೂ ಮೂಕಿ ಚಿತ್ರಗಳನ್ನು ತಯಾರಿಸಿದ್ದರು; ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ‘ಮೃಚ್ಛಕಟಿಕ’ದ ಕತೆಯನ್ನು ಆಧರಿಸಿದ ಮೂಕಿ ಚಿತ್ರದಲ್ಲಿ ನಟಿಸಿದ್ದರು.

ನೋಡಲು ಸಿಗುವವುಗಳಲ್ಲಿ ಮೊದಲು 1919ರ ‘ಕಾಳಿಯ ಮರ್ದನ’ವನ್ನು ನೋಡಿ. ಬಾಲಕೃಷ್ಣನ ಪಾತ್ರ ದಾದಾಸಾಹೇಬ್ ಫಾಲ್ಕೆ ಅವರ ಮಗಳು, ಪುಟ್ಟ ಬಾಲಕಿ ಮಂದಾಕಿನಿಯದು. ಕತೆ ಆರಂಭವಾಗುವ ಮೊದಲು ಆ ಹುಡುಗಿ ಕ್ಯಾಮೆರಾದ ಎದುರು ಒಂದಾದ ಮೇಲೊಂದು ಭಾವವನ್ನು ಮುಖದ ಮೇಲೆ ತಂದು ತೋರಿಸುತ್ತಾಳೆ, ಆಮೇಲೆ ಕೃಷ್ಣನಾಗುತ್ತಾಳೆ. ಬಳಿಕ ನಟಿ ಸೀತಾದೇವಿ ಅವರಿಗಾಗಿ 1929ರ ‘ಎ ಥ್ರೋ ಆಫ್ ಡೈಸ್’ ನೋಡಿ. ಅದರ ಪುನರುಜ್ಜೀವಿತ ಪ್ರತಿ ತುಂಬ ಚೆನ್ನಾಗಿದೆ.

ಫಲಕಗಳನ್ನು ಓದಿಹೇಳುವುದು

ಮೂಕಿ ಚಿತ್ರವನ್ನು ಒಬ್ಬರೇ ನೋಡುವುದಕ್ಕಿಂತ ಮನೆಯವರೆಲ್ಲ ಕೂಡಿ ನೋಡುವುದು ಮೇಲು. ನಮ್ಮ ದೇಶದ ಚಿತ್ರಮಂದಿರಗಳಲ್ಲಿ ಓದು ಬರದವರಿಗಾಗಿ ಫಲಕದ ಬರಹವನ್ನು ಒಬ್ಬರು ಗಟ್ಟಿಯಾಗಿ ಓದಿಹೇಳುವ ರೂಢಿಯಿತ್ತು. ಅದನ್ನೇ ಮನೆಯಲ್ಲಿ ಮಾಡಿ. ನೀವು ಮೊದಲೇ ಒಮ್ಮೆ ಚಿತ್ರ ನೋಡಿ, ಫಲಕಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಓದುವಾಗ ನಾಟಕೀಯವಾಗಿ ಓದದೆ, ಚಿಕ್ಕದಾಗಿ, ಪಾತ್ರದ ತುಟಿ ಮುಚ್ಚಿದ ಮೇಲೆ ಓದಿ.

ನನ್ನ ತಾಯಿಗೆ ‘ಸಿಟಿ ಲೈಟ್ಸ್’ ಓದಿಹೇಳಿದಾಗ ಈ ಕೆಲಸದ ಕಷ್ಟ ನನಗೆ ಗೊತ್ತಾಯಿತು. ಅದು 1931ರ ಚಿತ್ರ. ಮಾತು ಬಂದು ಮೂರು ವರ್ಷ ಕಳೆದಿದ್ದರೂ ಚಾಪ್ಲಿನ್ ಮಾತಿಲ್ಲದೆಯೇ ಮಾಡಿದರು. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿ ಕುರುಡು ಹೂವಾಡಗಿತ್ತಿ ಅಲೆಮಾರಿಯನ್ನು ಸಿರಿವಂತನೆಂದು ನಂಬಿರುತ್ತಾಳೆ. ಕೊನೆಗೆ ಕಣ್ಣು ಬಂದ ಅವಳು, ಸೆರೆಮನೆಯಿಂದ ಹೊರಬಂದ ಹರಕು ಬಟ್ಟೆಯ ಅವನನ್ನು ಬೀದಿಯಲ್ಲಿ ಕಂಡು ನಗುತ್ತಾಳೆ. ಕರುಣೆಯಿಂದ ಒಂದು ಹೂವನ್ನೂ ನಾಣ್ಯವನ್ನೂ ಕೊಡಲು ಬರುತ್ತಾಳೆ. ನಾಣ್ಯ ಇಡಲೆಂದು ಅವನ ಕೈ ಹಿಡಿದಾಗ ಅವಳ ಬೆರಳುಗಳು ನಿಲ್ಲುತ್ತವೆ. ಮೆಲ್ಲಗೆ ಅವನ ತೋಳಿನ ಮೇಲೆ, ಕೋಟಿನ ಅಂಚಿನ ಮೇಲೆ ಹರಿಯುತ್ತವೆ. ಆಗ ಬರುವ ಫಲಕದಲ್ಲಿ ಇಂಗ್ಲಿಷಿನ ಒಂದೇ ಪದ, ಕೊನೆಗೊಂದು ಪ್ರಶ್ನೆಚಿಹ್ನೆ.

ಅದು ‘ನೀನಾ?’ ಆಗಬೇಕೋ ‘ನೀವಾ?’ ಆಗಬೇಕೋ? ಇಂಗ್ಲಿಷಿನ ಪದ ಎರಡನ್ನೂ ಒಳಗಿಟ್ಟುಕೊಂಡಿದೆ, ಕನ್ನಡದಲ್ಲಿ ಓದುವವರು ಆರಿಸಲೇಬೇಕು. ಅರೆಕ್ಷಣದ ಹಿಂದೆ ಅವಳ ಮುಂದಿದ್ದವನು ಬೀದಿಯ ಭಿಕಾರಿ. ಅವಳು ಮನಸ್ಸಿನಲ್ಲಿ ಇಷ್ಟು ದಿನ ಕಾದದ್ದು ದೊಡ್ಡ ಮನುಷ್ಯನಿಗಾಗಿ. ಮೊದಲ ಸಲ ನಾನು ‘ನೀನಾ?’ ಎಂದು ಓದಿದೆ. ಅಮ್ಮ ಪರದೆಯಿಂದ ಕಣ್ಣು ಕೀಳದೆಯೇ, ‘ನೀವಾ ಅಂತಾಳೆ ಕಣೋ, ಅವಳ ಕೈ ನೋಡು’ ಎಂದರು. ಅಂದಿನಿಂದ ನಾನು ಹಾಗೆಯೇ ಓದುತ್ತಿದ್ದೇನೆ. ಅವನು ತಲೆಯಾಡಿಸಿ, ತನ್ನ ಕಣ್ಣಿನತ್ತ ಬೆರಳು ತೋರಿಸಿ, ಈಗ ನಿಮಗೆ ಕಣ್ಣು ಕಾಣುತ್ತದೆಯೇ ಎಂದು ಕೇಳುತ್ತಾನೆ. ಹೌದು, ಈಗ ಕಾಣುತ್ತದೆ ಎನ್ನುತ್ತಾಳೆ. ಅದರ ಮೇಲೆ ಬೆರಳನ್ನು ಹಲ್ಲಿಗೆ ಕಚ್ಚಿಕೊಂಡು ನಗುವ ಅವನ ಮುಖ ಬರುತ್ತದೆ. ಅಲ್ಲಿ ಏನನ್ನೂ ಓದಬೇಡಿ.